ದಪ್ಪ ತಂತಿಯ ಗಿಟಾರು, ಟೆಂಟಿನ ಪೆಟ್ಟಿಗೆ

ನಾನು ಬೇಸ್ ಗಿಟಾರ್ ಹಿಡಿದದ್ದು ಆಸೆಪಟ್ಟು ಅಲ್ಲ. ನಾನು ಹೋಗುವಷ್ಟರಲ್ಲಿ ಉಳಿದಿದ್ದದ್ದು ಅದೊಂದೇ.

ಎಂಬತ್ತರ ದಶಕದ ಆರಂಭ. ಕೂಡ್ಲಿಗಿಯ ಒಂದು ಕಚೇರಿಯಲ್ಲಿ ನನಗೆ ಗುಮಾಸ್ತನ ಕೆಲಸ ಸಿಕ್ಕು ಆರೇಳು ತಿಂಗಳಾಗಿತ್ತು. ಕೋಗಳಿಯ ಹತ್ತಿರದ ನಮ್ಮ ಊರಿನಲ್ಲಿ ಅಪ್ಪ, ಅಣ್ಣ ಕುರಿ ನೋಡಿಕೊಂಡು, ಒಂದಿಷ್ಟು ಜೋಳ, ಸಜ್ಜೆ ಬೆಳೆದುಕೊಂಡು ಇದ್ದರು. ನನ್ನ ಊಟ ಕೆಡಬಾರದೆಂದು ಅವ್ವ ನನ್ನ ಜೊತೆ ಬಂದು ಬಾಡಿಗೆ ಮನೆಯಲ್ಲಿದ್ದಳು. ಬೆಳಿಗ್ಗೆ ಕಚೇರಿ, ಸಂಜೆ ಬಸ್‌ಸ್ಟ್ಯಾಂಡಿನ ಕಟ್ಟೆ. ಹೊಸಪೇಟೆ ಕಡೆಗೂ ಚಿತ್ರದುರ್ಗದ ಕಡೆಗೂ ಹೋಗುವ ಲಾರಿಗಳನ್ನು ನೋಡುತ್ತ ಕೂರುವುದು ಬೇಸರ ತರತೊಡಗಿದ ಹೊತ್ತಿಗೆ, ಒಂದು ಭಾನುವಾರ ಮಧ್ಯಾಹ್ನ ಸೈಕಲ್ ಶಾಪಿನ ಹಿಂದಿನ ಕೋಣೆಯಿಂದ ಹಾಡು ಕೇಳಿಸಿತು. ಹೋಗಿ ಬಾಗಿಲಲ್ಲಿ ನಿಂತೆ.

ಒಳಗೆ ನಾಲ್ಕು ಜನರಿದ್ದರು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ಗಿಟಾರ್ ನುಡಿಸುತ್ತಿದ್ದರು. ಕಿವಿ ಮುಚ್ಚುವಷ್ಟು ಕೂದಲು, ಬೆರಳ ತುದಿಯಲ್ಲಿ ಯಾವಾಗಲೂ ಒಂದಿಷ್ಟು ಬಣ್ಣ. ಆಸ್ಪತ್ರೆಯ ಕಾಂಪೌಂಡರ್ ಒಬ್ಬರು ಅಕಾರ್ಡಿಯನ್ ಹೊತ್ತುಕೊಂಡು ಕುಳಿತಿದ್ದರು. ಶಾಪಿನ ಮಾಲೀಕನೇ ಡ್ರಮ್ಮು. ಹಾಡುವವನು ಬಸ್ ಕಂಡಕ್ಟರ್. ಟಿಕೆಟ್ ಕೊಟ್ಟು ಕೊಟ್ಟು, ಊರುಗಳ ಹೆಸರು ಕೂಗಿ ಕೂಗಿ ಗಂಟಲು ಹದವಾಗಿದೆ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಯಾರಿಗೂ ಇದು ಹೊಟ್ಟೆಪಾಡಲ್ಲ. ಭಾನುವಾರ ಸೇರುವುದು, ಯಾರಾದರೂ ಮದುವೆಗೆ ಕರೆದರೆ ಹೋಗಿ ನುಡಿಸಿ ಊಟ ಮಾಡಿ ಬರುವುದು, ಅಷ್ಟೇ.

ನನಗೂ ಗಿಟಾರ್ ಕಲಿಸಿ ಎಂದು ಮಾಸ್ತರರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಬಲಗೈ ಹಿಡಿದು ಬೆರಳು ಒತ್ತಿ ನೋಡಿದರು. ಕುರಿ ಉಣ್ಣೆ ಕತ್ತರಿಸಿ ಬೆಳೆದ ಕೈ ಅದು.

"ಗಿಟಾರ್ ಬಾರಸಾಕ ನಾ ಅದೀನಿ. ನೀನು ಇದನ್ನ ಬಾರಸು," ಎಂದು ಬಾಗಿಲ ಹಿಂದಿನಿಂದ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಒಂದು ವಸ್ತುವನ್ನು ತೆಗೆದರು.

ಬಿಚ್ಚಿದರೆ ಟೊಮ್ಯಾಟೊ ಬಣ್ಣದ, ಉದ್ದ ಕುತ್ತಿಗೆಯ, ನಾಲ್ಕೇ ತಂತಿಯ ಗಿಟಾರು. ಬಳ್ಳಾರಿಯಲ್ಲಿ ಯಾವುದೋ ವಾದ್ಯವೃಂದ ಮುಚ್ಚಿದಾಗ ಮಾಸ್ತರರು ತಮ್ಮ ಗಿಟಾರನ್ನು ಕೊಂಡಿದ್ದರು. ಇದು ಅದರ ಜೊತೆಗೆ ಬಂದಿತ್ತು. ತಂತಿಗಳು ಬಾವಿಯ ರಾಟೆಗೆ ಹಾಕುವ ಹಾಗಿದ್ದವು. ಹಿಂದೆ ನುಡಿಸಿದವನ ಮುಂಗೈ ತಾಗುವ ಕಡೆ ಬಣ್ಣ ಹೋಗಿ ಕಟ್ಟಿಗೆ ಕಾಣುತ್ತಿತ್ತು. ಕೊರಳಿಗೆ ಹಾಕಿಕೊಳ್ಳಲು ಪಟ್ಟಿ ಇರಲಿಲ್ಲ. ಶಾಪಿನವನು ಸೈಕಲ್ ಟ್ಯೂಬನ್ನು ಸೀಳಿ ಒಂದು ಪಟ್ಟಿ ಮಾಡಿಕೊಟ್ಟ. ಹಾಕಿಕೊಂಡು ಎರಡು ಹೆಜ್ಜೆ ನಡೆದರೆ ಗಿಟಾರು ಎದೆಯಿಂದ ಮೊಣಕಾಲಿಗೂ ಮೊಣಕಾಲಿಂದ ಎದೆಗೂ ಜೋಕಾಲಿ ಆಡುತ್ತಿತ್ತು. ಮುಂದೆ ಅದರ ಜಾಗಕ್ಕೆ ನಾನೇ ಒಂದು ಚರ್ಮದ ಪಟ್ಟಿ ಹೊಲಿಸಿದೆ.

ಮೊದಲ ಪಾಠ ಸರಳವಾಗಿತ್ತು. ಕಾಂಪೌಂಡರ್ ಅಕಾರ್ಡಿಯನ್‌ನಲ್ಲಿ ಒಂದು ಸ್ವರ ಹಿಡಿಯುವರು. ನಾನು ಬಿರಡೆ ತಿರುಗಿಸಿ ತಂತಿಯನ್ನು ಅಲ್ಲಿಗೆ ತರಬೇಕು. ಆಮೇಲೆ ಮಾಸ್ತರರು ಹಾಡಿನ ಷಡ್ಜ ಎಲ್ಲಿದೆ, ಪಂಚಮ ಎಲ್ಲಿದೆ ತೋರಿಸಿದರು. ಈ ಎರಡನ್ನು ಡ್ರಮ್ಮಿನ ಏಟಿಗೆ ಸರಿಯಾಗಿ ಇಡುವುದು ಬಂದರೆ ಅರ್ಧ ಹಾಡು ಮುಗಿದ ಹಾಗೆ ಎಂದರು. ಉಳಿದ ಅರ್ಧ ಯಾವುದು ಎಂದು ಕೇಳಿದೆ. ಅದು ನಿನಗೇ ಗೊತ್ತಾಗುತ್ತದೆ, ಅವಸರ ಮಾಡಬೇಡ ಎಂದರು.

ಗಿಟಾರನ್ನು ಮನೆಗೆ ತಂದೆ. ಕರೆಂಟಿನ ಸಹಾಯವಿಲ್ಲದೆ ಬೇಸ್ ಗಿಟಾರ್ ನುಡಿಸಿದರೆ ಸೊಳ್ಳೆಯ ಸದ್ದಿಗಿಂತ ಕಡಿಮೆ. ಮೊದಲ ವಾರ ನಾನು ಏನು ನುಡಿಸುತ್ತಿದ್ದೇನೆಂದು ನನಗೇ ಕೇಳಿಸುತ್ತಿರಲಿಲ್ಲ. ಒಮ್ಮೆ ಮೂಲೆಯಲ್ಲಿ ಕುಳಿತು ನುಡಿಸುವಾಗ ಗಿಟಾರಿನ ತಲೆ ಅವ್ವ ಜೋಳ ತುಂಬಿಡುವ ಕಟ್ಟಿಗೆಯ ಪೆಟ್ಟಿಗೆಗೆ ತಾಗಿತು. ತಾಗಿದ್ದೇ ತಡ, ಪೆಟ್ಟಿಗೆಯೊಳಗಿಂದ ಹೂಂ ಎಂದು ಒಂದು ಸ್ವರ ಎದ್ದು ಕೋಣೆ ತುಂಬಿತು. ತಲೆ ತೆಗೆದೆ, ಸದ್ದು ಹೋಯಿತು. ಮತ್ತೆ ಒತ್ತಿದೆ, ಮತ್ತೆ ಬಂತು. ಅಂದಿನಿಂದ ಆ ಪೆಟ್ಟಿಗೆಯ ಪಕ್ಕ ನನ್ನ ಜಾಗ. ಜೋಳ ಕಡಿಮೆಯಾದಷ್ಟೂ ಪೆಟ್ಟಿಗೆಯ ದನಿ ದೊಡ್ಡದಾಗುತ್ತಿತ್ತು. ಊರಿನಿಂದ ಹೊಸ ಚೀಲ ಬಂದು ಪೆಟ್ಟಿಗೆ ತುಂಬಿದ ವಾರ ನನ್ನ ಸ್ವರ ಮಂಕಾಗುತ್ತಿತ್ತು. ಅವ್ವ ಜೋಳ ತೆಗೆಯಲು ಬಂದಾಗಲೆಲ್ಲ, ಸರಿ ಅತ್ತ, ನಿನ್ನ ಬಾಜಾ ಉಣ್ಣಾಕ ಹಾಕಲ್ಲ ಎನ್ನುವಳು. ಬೆರಳಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಯಿತು. ಕಚೇರಿಯಲ್ಲಿ ಪೆನ್ನು ಹಿಡಿದರೆ ಯಾರದೋ ಕೈ ಹಿಡಿದಂತೆ ಇರುತ್ತಿತ್ತು.

ತಂತಿಯದೇ ದೊಡ್ಡ ತಾಪತ್ರಯ. ಹೊಸ ತಂತಿ ನಮ್ಮ ಕಡೆ ಎಲ್ಲೂ ಸಿಗುತ್ತಿರಲಿಲ್ಲ. ಬೆವರು, ಧೂಳು ಕೂತು ತಂತಿ ಸತ್ತ ಹಾಗಾದಾಗ ಅದನ್ನು ಬಿಚ್ಚಿ ನೀರಿನಲ್ಲಿ ಕುದಿಸಿದರೆ ಮತ್ತೆ ಜೀವ ಬರುತ್ತದೆ ಎಂದು ಕಾಂಪೌಂಡರ್ ಹೇಳಿಕೊಟ್ಟರು. ಅವರು ಸೂಜಿ ಕುದಿಸುವ ಮನುಷ್ಯ, ಎಲ್ಲದಕ್ಕೂ ಕುದಿಸುವುದೇ ಮದ್ದು ಎಂದುಕೊಂಡೆ. ಆದರೂ ಅವ್ವ ನೀರಿಗೆ ಹೋದಾಗ ನಾಲ್ಕೂ ತಂತಿ ಸುರುಳಿ ಮಾಡಿ ಪಾತ್ರೆಯಲ್ಲಿಟ್ಟು ಸ್ಟವ್ ಹಚ್ಚಿದೆ. ಅವ್ವ ಕೊಡ ಹೊತ್ತು ಬಂದವಳು ಪಾತ್ರೆಗೆ ಬಗ್ಗಿ ನೋಡಿದಳು.

"ಶಾವಿಗಿ ಭಾಳ ದಪ್ಪ ಆತು," ಎಂದಳು.

ತಂತಿಗೆ ನಿಜವಾಗಿಯೂ ಜೀವ ಬಂತು. ಆ ಪಾತ್ರೆ ಮಾತ್ರ ಅಡುಗೆಗೆ ವಾಪಸು ಹೋಗಲಿಲ್ಲ.

ಬೇಸಿಗೆ ಬಂದಾಗ ಇನ್ನೊಂದು ತೊಂದರೆ. ನಮ್ಮ ಕಡೆಯ ಬಿಸಿಲಿಗೆ ಗಿಟಾರಿನ ಕುತ್ತಿಗೆ ಬಾಗಿ, ತಂತಿಗೂ ಕುತ್ತಿಗೆಯ ಹಲಗೆಗೂ ನಡುವೆ ಬೆರಳು ತೂರುವಷ್ಟು ಅಂತರವಾಯಿತು. ಕುತ್ತಿಗೆಯ ಒಳಗೆ ಒಂದು ಕಬ್ಬಿಣದ ಸರಳಿರುತ್ತದೆ, ಅದನ್ನು ಬಿಗಿ ಮಾಡಬೇಕು. ಶಾಪಿನವನು ಚಕ್ರದ ಕಡ್ಡಿ ಬಿಗಿಯುವ ಕೀಲಿ ಹಾಕಿ ಒಂದು ಸುತ್ತು ತಿರುಗಿಸಿದ. ಕಟ್ಟಿಗೆ ಕಿರ್ ಎಂದಿತು. ಮಾಸ್ತರರು ಕಣ್ಣು ಮುಚ್ಚಿಕೊಂಡರು. ಏನೂ ಆಗಲಿಲ್ಲ, ಕುತ್ತಿಗೆ ನೆಟ್ಟಗಾಯಿತು.

ಇಷ್ಟೆಲ್ಲ ಆದಮೇಲೆ ನನ್ನ ಮೊದಲ ಕಾರ್ಯಕ್ರಮ, ಕೊಟ್ಟೂರಿನ ಒಂದು ಮದುವೆ. ಕಂಡಕ್ಟರನ ದೂರದ ನೆಂಟರ ಮನೆಯದು. ಸಂಜೆ ಚಪ್ಪರದ ಕೆಳಗೆ ನಾವು ನಿಂತು ನುಡಿಸಲು ಹಲಗೆಯ ಅಟ್ಟ ಹಾಕಿದ್ದರು. ಮೈಕ್‌ಸೆಟ್ಟಿನವನು ಎರಡು ಕಂಬಕ್ಕೆ ಎರಡು ಕಹಳೆ ಕಟ್ಟಿದ್ದ, ಹೂವಿನ ಆಕಾರದ ತಗಡಿನ ಲೌಡ್‌ಸ್ಪೀಕರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಒಂದು ವಯರನ್ನು ಅವನ ಮೆಶೀನಿಗೆ ಚುಚ್ಚಿ, ಗಂಭೀರವಾಗಿ ನಿಂತೆ. ಹಾಡಿನ ಮೇಲೆ ಹಾಡು. ಒಂದೂ ತಪ್ಪಿಲ್ಲ. ಷಡ್ಜ, ಪಂಚಮ, ನಡುವೆ ಎರಡು ಮೆಟ್ಟಿಲು, ಎಲ್ಲ ಡ್ರಮ್ಮಿಗೆ ಹೊಲಿದ ಹಾಗೆ ಕೂತವು. ನಾನು ಬೆವೆತು ಹೋಗಿದ್ದೆ.

ನಡುವೆ ಮದುಮಗಳ ಅಜ್ಜ ಕೋಲೂರಿಕೊಂಡು ಅಟ್ಟದ ಹತ್ತಿರ ಬಂದರು. ನನ್ನನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದರಂತೆ. ಕಂಡಕ್ಟರನನ್ನು ಕರೆದು ಹೇಳಿದರು:

"ಆ ಹುಡುಗ ಪಾಪ, ಆವಾಗ್ಲಿಂದ ಸುಮ್ನ ನಿಂತಾನ. ಅವಂಗೂ ಒಂದ್ ಹಾಡು ಕೊಡ್ರಿ."

ಮೈಕಿನ ಮುಂದೆಯೇ ಹೇಳಿದ್ದರಿಂದ ಅದು ಎರಡು ಕಹಳೆಯಲ್ಲೂ ಹೋಯಿತು. ಚಪ್ಪರ ತುಂಬ ನಗು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಊಟಕ್ಕೆ ಕೂತಾಗ ಬಡಿಸುವ ಹೆಂಗಸು ನನಗೆ ಎರಡು ಹೋಳಿಗೆ ಹೆಚ್ಚು ಹಾಕಿ, ನೀವೂ ಮುಂದೆ ಕಲಿತೀರಿ ಬಿಡ್ರಿ ಎಂದು ಸಮಾಧಾನ ಮಾಡಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಮಾಸ್ತರರು ಕಾರಣ ಬಿಡಿಸಿ ಹೇಳಿದರು. ತಗಡಿನ ಕಹಳೆ ಮೈಲಿ ದೂರಕ್ಕೆ ಮಾತು ಮುಟ್ಟಿಸಲು ಹುಟ್ಟಿದ್ದು. ಮಂದ್ರ ಸ್ವರ ಅದರ ಬಾಯಿಯಿಂದ ಹೊರಗೇ ಬರುವುದಿಲ್ಲ. ಅದಕ್ಕೆ ಅಗಲವಾದ ಕಾಗದದ ಸ್ಪೀಕರು, ಆಳವಾದ ಕಟ್ಟಿಗೆ ಪೆಟ್ಟಿಗೆ ಬೇಕು. ನೀನು ಸಂಜೆಯೆಲ್ಲ ನುಡಿಸಿದ್ದು ನಿನ್ನ ಹೊಟ್ಟೆಗೆ ಮಾತ್ರ ಕೇಳಿಸಿದೆ ಎಂದರು. ಕಂಡಕ್ಟರ್ ಮುಂದಿನ ಸೀಟಿನಿಂದ ತಿರುಗಿ, ಅಂಥ ಪೆಟ್ಟಿಗೆ ತಾನು ನೋಡಿದ್ದೇನೆ ಎಂದ. ಹಗರಿಬೊಮ್ಮನಹಳ್ಳಿಯ ಟೆಂಟ್ ಸಿನಿಮಾದಲ್ಲಿ ಪರದೆಯ ಹಿಂದೆ ನಿಂತಿದೆ, ಆಳೆತ್ತರ. ಟೆಂಟನ್ನು ಇನ್ನು ಸ್ವಲ್ಪ ದಿನದಲ್ಲಿ ಎತ್ತುತ್ತಾರಂತೆ, ಪಕ್ಕಾ ಥಿಯೇಟರು ಬಂದಮೇಲೆ ಜನ ಬರುತ್ತಿಲ್ಲವಂತೆ.

ಮುಂದಿನ ಭಾನುವಾರ ಐದೂ ಜನ ಬೊಮ್ಮನಹಳ್ಳಿಗೆ ಹೋದೆವು.

ಟೆಂಟನ್ನು ನಡೆಸುತ್ತಿದ್ದದ್ದು ಒಬ್ಬ ಹಿರಿಯ ಹೆಂಗಸು. ಗಂಡ ತೀರಿಕೊಂಡಮೇಲೆ ಆಕೆಯೇ ಊರಿಂದ ಊರಿಗೆ, ಕೊಟ್ಟೂರು, ಹಡಗಲಿ, ಬೊಮ್ಮನಹಳ್ಳಿ ಎಂದು ಟೆಂಟು ಹೊತ್ತು ತಿರುಗಿದವರು. ಎತ್ತರದ ಆಳು, ಬಾಯಲ್ಲಿ ಎಲೆ-ಅಡಿಕೆ, ಮಾತಿನಲ್ಲಿ ನಡುನಡುವೆ ತೆಲುಗು. ಪ್ರತಿ ಆಟಕ್ಕೂ ಪರದೆಯ ಪಕ್ಕ, ಜನರ ಕಡೆ ಮುಖ ಮಾಡಿ ಕುರ್ಚಿ ಹಾಕಿ ಕೂರುವರಂತೆ. ಸಿನಿಮಾ ಬೇಡ, ಸಿನಿಮಾ ನೋಡುವ ಮುಖ ನೋಡಿದರೆ ಸಾಕು ಎನ್ನುವರಂತೆ. ಹೀಗೆ ವರ್ಷಗಟ್ಟಲೆ ಆ ಪೆಟ್ಟಿಗೆಯ ಮಗ್ಗುಲಲ್ಲೇ ಕೂತು ಅವರ ಕಿವಿ ಹೋಗಿತ್ತು. ನಾವು ಏನು ಹೇಳಿದರೂ ಪಕ್ಕದಲ್ಲಿದ್ದ ಅವರ ತಂಗಿ ಕಿವಿಗೆ ಬಾಯಿ ಹಚ್ಚಿ ಮತ್ತೆ ಹೇಳಬೇಕಿತ್ತು.

ಪೆಟ್ಟಿಗೆ ನೋಡಿದೆವು. ತೇಗದ ಹಲಗೆ, ಮೂಲೆಗೆ ತಗಡು, ಎದುರಿಗೆ ಊಟದ ಗಂಗಾಳಕ್ಕಿಂತ ದೊಡ್ಡ ಸ್ಪೀಕರು. ಪಕ್ಕದಲ್ಲಿ ವಾಲ್ವಿನ ಆಂಪ್ಲಿಫೈಯರು; ಸ್ವಿಚ್ ಹಾಕಿದರೆ ಗಾಜಿನ ಬುರುಡೆಗಳು ನಿಧಾನಕ್ಕೆ ಕೆಂಡದ ಬಣ್ಣಕ್ಕೆ ತಿರುಗುತ್ತಿದ್ದವು. ಮಾಸ್ತರರು ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, ಮದುವೆಗೆ ಹೆಣ್ಣು ನೋಡಿದವರ ಹಾಗೆ ನಾಚಿಕೊಂಡು ನಕ್ಕರು.

ಇದನ್ನು ನಮಗೆ ಕೊಡಬಹುದೇ ಎಂದು ಕೇಳಿದೆವು. ತಂಗಿ ಅದನ್ನು ಅವರ ಕಿವಿಗೆ ಮುಟ್ಟಿಸಿದಳು. ಯಾಕೆ ಬೇಕು ಎಂದರು. ಇವನ ಬಾಜಾ ಯಾರಿಗೂ ಕೇಳಿಸುವುದಿಲ್ಲ, ಅದಕ್ಕೆ ಎಂದು ಕಂಡಕ್ಟರ್ ನನ್ನನ್ನು ತೋರಿಸಿದ. ಆಕೆ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ಕೇಳಿಸದವರ ಕಷ್ಟ ತಮಗೆ ಗೊತ್ತು, ಕೇಳಿಸಲಾರದವನ ಕಷ್ಟ ಇವತ್ತು ಕಂಡೆ ಎಂದು ನಕ್ಕರು. ಆಮೇಲೆ ಎಲೆ-ಅಡಿಕೆ ಉಗುಳಿ ಬಂದು ತಮ್ಮ ಷರತ್ತು ಹೇಳಿದರು.

"ಟೆಂಟ್ ಬಿಚ್ಚೋಕಿಂತ ಮದ್ಲ ಒಂದ್ ಸಂಜಿ ಇಲ್ಲೇ ಬಾರಸ್ರಿ. ಟೆಂಟ್ ತುಂಬಬೇಕು ನೋಡ್ರಿ. ತುಂಬಿದ ಮ್ಯಾಲ ಪೆಟ್ಟಿಗಿ ನಿಮ್ದು."

ಟೆಂಟಿನಲ್ಲಿ ಹಗಲು ಆಟ ಇರುವುದಿಲ್ಲ, ಬಟ್ಟೆಯ ಸಂದಿಯಿಂದ ಬೆಳಕು ಬರುತ್ತದೆ. ಹಾಗಾಗಿ ಅಲ್ಲಿಯ ತನಕ ಭಾನುವಾರ ಮಧ್ಯಾಹ್ನ ಅಲ್ಲೇ ಅಭ್ಯಾಸ ಮಾಡಿಕೊಳ್ಳಿ ಎಂದೂ ಹೇಳಿದರು.

ಮೊದಲ ಬಾರಿ ನನ್ನ ವಯರನ್ನು ಆ ಮೆಶೀನಿಗೆ ಹಾಕಿ, ಬರಿಯ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದಾಗ ಆದದ್ದನ್ನು ಹೇಳುವುದು ಕಷ್ಟ. ಸದ್ದು ಕಿವಿಗೆ ಬರಲಿಲ್ಲ, ಪಾದಕ್ಕೆ ಬಂತು. ನೆಲದ ಮರಳು ಸಣ್ಣಗೆ ಜರುಗಿತು. ಟೆಂಟಿನ ಬಟ್ಟೆ ಗಾಳಿ ಇಲ್ಲದೆ ಅಲುಗಿತು. ಹಿಂದೆ ಕಂಬದ ಮೇಲಿದ್ದ ಪಾರಿವಾಳಗಳು ಹಾರಿ ಹೋದವು. ಇಷ್ಟು ತಿಂಗಳು ನಾನು ಹಿಡಿದುಕೊಂಡು ತಿರುಗಿದ್ದು ಇದೇ ಪ್ರಾಣಿಯೇ ಎಂದು ನಂಬಿಕೆ ಬರಲಿಲ್ಲ. ಸೋಮವಾರ ಕಚೇರಿಯಲ್ಲಿ ಕೂತರೂ ಅಂಗಾಲಿನಲ್ಲಿ ಅದೇ ಸದ್ದು.

ಕೇಳಿಸದೆ ಇದ್ದವನಿಗೆ ದನಿ ಬಂದರೆ ಏನಾಗಬೇಕೋ ಅದೇ ಆಯಿತು. ನಾನು ಕಡಿಮೆ ಮಾಡಲಿಲ್ಲ. ಎರಡನೆಯ ಭಾನುವಾರ ಮಾಸ್ತರರು ಹಾಡಿನ ನಡುವೆ ಬಹಳ ನಾಜೂಕಾದ ಒಂದು ತುಣುಕು ನುಡಿಸುತ್ತಿದ್ದರು. ಅದು ಅವರ ಮುಖದ ಭಾವದಿಂದ ಮಾತ್ರ ತಿಳಿಯುತ್ತಿತ್ತು. ಸ್ವಲ್ಪ ಇಳಿಸು ಎಂದರು, ಇಳಿಸಿದೆ, ಮುಂದಿನ ಹಾಡಿಗೆ ಸದ್ದಿನ ಗುಂಡಿ ತಾನೇ ಮೇಲೆ ಹೋಗಿತ್ತು. ಅವರು ತಮ್ಮ ಗಿಟಾರನ್ನು ಚೀಲಕ್ಕೆ ಹಾಕಿ, ಯಾರೊಡನೆಯೂ ಮಾತಾಡದೆ ಬಸ್‌ಸ್ಟ್ಯಾಂಡಿಗೆ ನಡೆದರು. ಅದರ ಮುಂದಿನ ಭಾನುವಾರ ಬರಲೇ ಇಲ್ಲ.

ಕಾಂಪೌಂಡರ್ ಅವರ ಮನೆಗೆ ಹೋಗಿ ಏನು ಹೇಳಿದರೋ, ಮುಂದಿನ ವಾರ ಕರೆದುಕೊಂಡು ಬಂದರು. ಮಾಸ್ತರರು ನನಗೆ ಒಂದೂ ಬೈಗುಳ ಬೈಯಲಿಲ್ಲ. ನನ್ನ ಗಿಟಾರನ್ನು ಶಾಪಿನವನ ಕೈಗೆ ಕೊಟ್ಟು, ನಾನು ನುಡಿಸುವಂತೆಯೇ ಜೋರಾಗಿ ಮೀಟಲು ಹೇಳಿ, ನನ್ನ ತೋಳು ಹಿಡಿದು ಟೆಂಟಿನ ಕಟ್ಟಕಡೆಗೆ, ಬೆಂಚುಗಳ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ನಿಂತು ಕೇಳಿದೆ. ಡ್ರಮ್ಮಿಲ್ಲ, ಹಾಡಿಲ್ಲ, ಸ್ವರವೂ ಇಲ್ಲ. ಲಾರಿಯೊಂದು ಇಂಜಿನ್ ನಿಲ್ಲಿಸದೆ ಮನೆ ಮುಂದೆ ನಿಂತ ಹಾಗೆ ಬರೀ ಗುಂಯ್ ಗುಂಯ್.

"ಈಗ ನೀ ಹೇಳು," ಎಂದರು ಮಾಸ್ತರರು.

ನಾನು ವಾಪಸು ಹೋಗಿ ಗುಂಡಿಯನ್ನು ಅರ್ಧಕ್ಕೆ ಇಳಿಸಿದೆ. ಆದರೂ ಆ ಗುಂಯ್ ಪೂರ್ತಿ ಹೋಗಲಿಲ್ಲ. ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿ ನೋಡಿದೆವು. ಒಳಗೆ ಖಾಲಿ, ನಾಲ್ಕು ಗೋಡೆ, ಎಲ್ಲ ಸದ್ದು ಅಲ್ಲೇ ಬಡಿದಾಡಿ ಬರುತ್ತಿತ್ತು. ಒಳಗೆ ಮೆತ್ತಗೆ ಏನಾದರೂ ಹಾಕಬೇಕು ಎಂದರು ಮಾಸ್ತರರು. ಹತ್ತಿ ಎಂದರು ಒಬ್ಬರು, ಹಳೆ ಚಾದರ ಎಂದರು ಇನ್ನೊಬ್ಬರು. ನನಗೆ ನಗು ಬಂತು. ಮೆತ್ತಗಿನ ವಸ್ತು ನಮ್ಮ ಮನೆಯಲ್ಲಿ ಹಾಸಿಗೆ, ಹೊದಿಕೆ, ದಿಂಬು, ವ್ಯಾಪಾರ, ಎಲ್ಲವೂ ಅದೇ. ಊರಿಗೆ ಹೋದೆ. ಕತ್ತರಿಸಿ ರಾಶಿ ಹಾಕಿದ್ದ ಕರಿ ಉಣ್ಣೆಯನ್ನು ಅಣ್ಣ ಎರಡು ಚೀಲ ತುಂಬಿ ಕೊಟ್ಟ. ಯಾತಕ್ಕೆ ಎಂದು ಕೇಳಿದ. ಪೆಟ್ಟಿಗೆಯ ಬಾಯಿ ಮುಚ್ಚಲು ಎಂದೆ. ಅವನು ಮುಂದೆ ಕೇಳಲಿಲ್ಲ.

ಉಣ್ಣೆ ತುಂಬಿದಮೇಲೆ ಪೆಟ್ಟಿಗೆ ಬೇರೆಯೇ ಮನುಷ್ಯನಾಯಿತು. ಗುಂಯ್ ಎನ್ನುವುದು ಹೋಗಿ ದುಂಡನೆಯ ಸ್ವರ ಉಳಿಯಿತು. ಇನ್ನೊಂದು ಕೆಲಸ ನಾನೇ ಮಾಡಿದೆ. ಹರಿದ ಕಂಬಳಿಯ ಬೆರಳಗಲದ ಚೂರೊಂದನ್ನು ಗಿಟಾರಿನ ಬುಡದಲ್ಲಿ, ತಂತಿಗಳ ಕೆಳಗೆ ತೂರಿಸಿದೆ. ಆಗ ಪ್ರತಿ ಸ್ವರವೂ ಎದ್ದು, ತನ್ನ ಕೆಲಸ ಮುಗಿಸಿ, ಮುಂದಿನದಕ್ಕೆ ಜಾಗ ಬಿಟ್ಟು ಹೋಗತೊಡಗಿತು. ಮಾಸ್ತರರು ಗಿಟಾರು ನಿಲ್ಲಿಸಿ ಕೇಳಿದರು. ಉಳಿದ ಅರ್ಧ ಎಂದು ಅಂದು ಹೇಳಿದ್ದು ಇದನ್ನೇ ಎಂದರು. ಕಾಂಪೌಂಡರ್ ಮಾತ್ರ, ಮಳೆಗಾಲದಲ್ಲಿ ಈ ಪೆಟ್ಟಿಗೆ ಕುರಿಹಟ್ಟಿ ವಾಸನೆ ಬರುತ್ತದೆ ಎಂದು ತಕರಾರು ತೆಗೆದರು. ಅದು ನಿಜವೂ ಆಯಿತು.

ಟೆಂಟಿನ ಸಂಜೆ ಬಂತು. ಟೆಂಟಿನವರು ಎತ್ತಿನ ಗಾಡಿಗೆ ಬೋರ್ಡು ಕಟ್ಟಿ ಸುತ್ತಲ ಹಳ್ಳಿಯಲ್ಲೆಲ್ಲ ಸಾರಿಸಿದ್ದರು. ಕೊನೆಯ ಆಟ, ಸಿನಿಮಾ ಅಲ್ಲ, ಬಾಜಾ ಎಂದು. ಜನ ಬರುತ್ತಾರೋ ಇಲ್ಲವೋ ಎಂದು ನಾವು ಪರದೆಯ ಹಿಂದೆ ನಿಂತು ಸಂದಿಯಿಂದ ನೋಡುತ್ತಿದ್ದೆವು. ಹೊತ್ತು ಮುಳುಗುವಷ್ಟರಲ್ಲಿ ನೆಲ ತುಂಬಿತು, ಬೆಂಚು ತುಂಬಿದವು, ಆಮೇಲೆ ಅಂಚಿನ ಬಟ್ಟೆ ಎತ್ತಿ ಕಟ್ಟಬೇಕಾಯಿತು. ಹೆಂಗಸರ ಕಡೆ ಅವ್ವ ಕೂತಿದ್ದಳು. ಗಂಡಸರ ಕಡೆ ಮುಂದೆಯೇ ಕೋಗಳಿಯ ಸೋದರಮಾವ, ಅವ್ವನ ಅಣ್ಣ, ಮಡಿಸಿದ ಕಂಬಳಿ ಹೆಗಲಿಗೆ ಹಾಕಿಕೊಂಡು ಕೂತಿದ್ದ. ಬೀರದೇವರ ಗುಡಿಯ ಡೊಳ್ಳು ತಲೆಮಾರಿನಿಂದ ಅವನ ಮನೆಯದು. ನಾನು ನಡೆಯಲು ಕಲಿತದ್ದೇ ಅವನ ಡೊಳ್ಳಿನ ಸದ್ದಿಗೆ ಎಂದು ಅವ್ವ ಹೇಳುತ್ತಿದ್ದಳು. ಟೆಂಟಿನ ಯಜಮಾನಿ ತಮ್ಮ ಮಾಮೂಲಿ ಜಾಗದಲ್ಲಿ, ಪೆಟ್ಟಿಗೆಯ ಮಗ್ಗುಲಲ್ಲಿ, ಜನರ ಕಡೆ ಮುಖ ಮಾಡಿ ಕೂತರು. ಹೊಸ ಇಳಕಲ್ ಸೀರೆ ಉಟ್ಟಿದ್ದರು.

ಹಾಡುಗಳು ಚೆನ್ನಾಗಿ ಹೋದವು. ಕಂಡಕ್ಟರನ ಗಂಟಲು ಆವತ್ತು ನಿಜಕ್ಕೂ ಹದವಾಗಿತ್ತು. ನಾಲ್ಕನೆಯದೋ ಐದನೆಯದೋ ಹಾಡು ಮುಗಿದಾಗ ಯಜಮಾನಿ ಕೈ ಎತ್ತಿದರು. ಎಲ್ಲ ಸುಮ್ಮನಾದರು. ಆಕೆ ಒಂದು ಅಂಗೈಯನ್ನು ಪೆಟ್ಟಿಗೆಯ ಹಲಗೆಗೆ ಒತ್ತಿ ಕೂತಿದ್ದನ್ನು ನಾನು ಆಗಷ್ಟೇ ಗಮನಿಸಿದೆ. ನನ್ನನ್ನು ಬೆರಳು ಮಾಡಿ ಕರೆದರು.

"ಹಾಡು ನನಗ ಕೇಳವಲ್ದು. ನಿಂದು ಮಾತ್ರ ಕೇಳಸ್ತೈತಿ. ಅವ್ರು ಒಂದೀಟು ಸುಮ್ನಿರ್ಲಿ, ನೀ ಒಬ್ಬನ ಬಾರಸು."

ನಾನು ಬೆಪ್ಪಾಗಿ ಮಾಸ್ತರರ ಮುಖ ನೋಡಿದೆ. ಬೇಸ್ ಒಂದೇ ನುಡಿಸಿದರೆ ಅದು ಯಾವ ಹಾಡೂ ಆಗುವುದಿಲ್ಲ, ಗೋಡೆ ಇಲ್ಲದ ತಳಪಾಯ ಇದ್ದ ಹಾಗೆ. ಷಡ್ಜ-ಪಂಚಮ ಬಾರಿಸುತ್ತ ನಿಂತರೆ ಇಷ್ಟು ಜನ ಎಷ್ಟು ಹೊತ್ತು ಕೇಳಿಯಾರು? ಮಾಸ್ತರರು ತಮ್ಮ ಗಿಟಾರನ್ನು ಕೊರಳಿಂದ ತೆಗೆದು ಕೆಳಗಿಟ್ಟು, ಹೂಂ ಎಂದು ತಲೆಯಾಡಿಸಿದರು. ಏನು ನುಡಿಸುವುದೆಂದು ತೋಚದೆ ಜನರ ಕಡೆ ನೋಡಿದೆ, ಮಾವನ ಕೈ ಕಂಡಿತು. ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದ ಎರಡು ಅಗಲವಾದ ಕೈ.

ಎಲ್ಲಕ್ಕಿಂತ ದಪ್ಪ ತಂತಿಯಲ್ಲಿ ಡೊಳ್ಳಿನ ಎಡಗಡೆಯ ಏಟು ಹಾಕಿದೆ. ಬಲಗಡೆಯ ಕಡ್ಡಿಯ ಏಟಿಗೆ ತೆಳು ತಂತಿ. ದೇವರ ಮುಂದೆ ಕುಣಿತ ಏಳುವ ಮೊದಲು ನಿಧಾನಕ್ಕೆ ಹಾಕುವ ನಡೆ ಅದು, ನನಗೆ ಯಾರೂ ಕಲಿಸಿದ್ದಲ್ಲ. ಮೊದಲ ಸುತ್ತು ಒಬ್ಬನೇ ಹಾಕಿದೆ. ಎರಡನೆಯ ಸುತ್ತಿಗೆ ಮಾವನ ಬೆರಳುಗಳು ತೊಡೆಯ ಮೇಲೆ ಏಳತೊಡಗಿದವು. ಮೂರನೆಯ ಸುತ್ತಿಗೆ ನೆಲದ ಮೇಲೆ ಕೂತ ಯಾರೋ ಚಪ್ಪಾಳೆ ತಟ್ಟತೊಡಗಿದರು, ಅವರ ಹಿಂದೆ ಒಂದು ಸಾಲು, ಆ ಸಾಲಿನ ಹಿಂದೆ ಪೂರ್ತಿ ಟೆಂಟು. ಇದು ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗಿಟಾರಿನಿಂದ ಬರುತ್ತಿದೆ ಎನ್ನುವುದಷ್ಟೇ ಹೊಸದು. ನಡೆ ಏರಿಸಿದೆ. ಶಾಪಿನವನು ತಡೆಯಲಾರದೆ ಡ್ರಮ್ಮಿನೊಂದಿಗೆ ಒಳಗೆ ಬಂದ. ಹಿಂದೆ ಬೆಂಚಿನ ಕಡೆ ನಾಲ್ಕೈದು ಹುಡುಗರು ಎದ್ದು ಹೆಜ್ಜೆ ಹಾಕಿದರು. ಯಜಮಾನಿ ಈಗ ಎರಡೂ ಕೈಯನ್ನು ಪೆಟ್ಟಿಗೆಗೆ ಒತ್ತಿ, ಕುಣಿಯುವ ಮುಖಗಳನ್ನೇ ನೋಡುತ್ತ, ನಡೆಗೆ ಸರಿಯಾಗಿ ತಲೆದೂಗುತ್ತಿದ್ದರು. ಒಂದು ಏಟೂ ತಪ್ಪುತ್ತಿರಲಿಲ್ಲ.

ಮುಗಿಸಿದಾಗ ನನ್ನ ಬೆರಳಿನ ಗಟ್ಟಿಯಾದ ಚರ್ಮವೂ ಒಡೆದಿತ್ತು. ಯಜಮಾನಿ ಎದ್ದು ಬಂದು ನನ್ನ ಕೆನ್ನೆ ಮುಟ್ಟಿ, ಪೆಟ್ಟಿಗೆಯನ್ನು ಬೆಚ್ಚಗೆ ಇಟ್ಟುಕೊಳ್ಳಿ ಎಂದರು. ಅಷ್ಟೇ. ಮಾವ ಹೊರಗೆ ಬೀಡಿ ಹಚ್ಚಿ ನಿಂತಿದ್ದ. ಹೇಗಿತ್ತು ಮಾವ ಎಂದೆ.

"ಕಡೀ ಮುಕ್ತಾಯ ಅವಸರ ಮಾಡ್ದಿ ಲೇ," ಎಂದು ಹೊಗೆ ಬಿಟ್ಟ. ಆಮೇಲೆ ನನ್ನ ಹೆಗಲ ಮೇಲೆ ಹಾಕಿದ ಕೈಯನ್ನು ಬಸ್ ಬರುವ ತನಕ ತೆಗೆಯಲಿಲ್ಲ.

ಪೆಟ್ಟಿಗೆಯನ್ನು ಕೂಡ್ಲಿಗಿಗೆ ತಂದದ್ದು ಕಂಡಕ್ಟರನ ಬಸ್ಸಿನ ಮೇಲೆ. ಹಡಗಲಿಯಿಂದ ಬೆಳಿಗ್ಗೆ ಹೊರಡುವ ಬಸ್ಸು ಅದು, ಟಾಪಿನ ಮೇಲೆ ಮಲ್ಲಿಗೆಯ ಬುಟ್ಟಿಗಳನ್ನು ಒದ್ದೆ ಬಟ್ಟೆ ಮುಚ್ಚಿ ಸಾಲಾಗಿ ಇಟ್ಟಿದ್ದರು. ಪೆಟ್ಟಿಗೆ ಅವುಗಳ ನಡುವೆ ಕೂತು ಬಂತು. ಇಳಿಸಿದಾಗ ಉಣ್ಣೆಗೆಲ್ಲ ಮಲ್ಲಿಗೆ ಹತ್ತಿಕೊಂಡಿತ್ತು. ಒಂದು ವಾರ ಅಭ್ಯಾಸದ ಕೋಣೆಯಲ್ಲಿ ಪೆಟ್ಟಿಗೆ ಜೋರಾಗಿ ನುಡಿದಾಗಲೆಲ್ಲ ವಾಸನೆ ಬರುತ್ತಿತ್ತು. ಕಾಂಪೌಂಡರ್ ಆ ವಾರ ಏನೂ ತಕರಾರು ಮಾಡಲಿಲ್ಲ.

ಆಮೇಲೆ ನಮಗೆ ಕರೆಗಳು ಹೆಚ್ಚಾದವು. ಹಡಗಲಿಯಲ್ಲಿ, ಕೊಟ್ಟೂರಿನಲ್ಲಿ, ಒಮ್ಮೆ ಹರಪನಹಳ್ಳಿಯ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ. ಅಲ್ಲಿ ಮುಖ್ಯ ಅತಿಥಿಗಳ ಮೇಜಿನ ಮೇಲಿದ್ದ ಸ್ಟೀಲಿನ ಲೋಟಗಳು ನನ್ನ ಮಂದ್ರ ಸ್ವರಕ್ಕೆ ಒಂದೊಂದೇ ಇಂಚು ಸರಿದು, ಒಂದು ಲೋಟ ಅತಿಥಿಗಳ ತೊಡೆಗೆ ಬಿತ್ತು. ಅವರು ಸಜ್ಜನರು, ಬೇಸಿಗೆ ತಾನೇ, ತಂಪಾಯಿತು ಎಂದರು. ಆ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಟೀಚರೊಬ್ಬರು ನೀರು ಒರೆಸಲು ಬಟ್ಟೆ ತಂದುಕೊಟ್ಟು, ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದರು. ಉಣ್ಣೆ ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದರು. ಹಿಂದಿನ ಹಲಗೆ ಬಿಚ್ಚಿ ತೋರಿಸಬೇಕಾಯಿತು.

ಆ ಟೀಚರನ್ನೇ ಮರುವರ್ಷ ನಾನು ಮದುವೆಯಾದೆ. ಎರಡೂ ಕಡೆಯ ಹಿರಿಯರಿಗೆ ಒಪ್ಪಿಗೆಯಿತ್ತು. ಮದುವೆ ಹರಪನಹಳ್ಳಿಯಲ್ಲಿ. ಅಷ್ಟರಲ್ಲಿ ಮಾಸ್ತರರಿಗೂ ಅಲ್ಲಿಗೇ ವರ್ಗವಾಗಿತ್ತು, ವಾದ್ಯಗಳ ವ್ಯವಸ್ಥೆಯೆಲ್ಲ ಅವರದೇ. ತಾಳಿ ಕಟ್ಟಿಯಾಯಿತು, ಅಕ್ಷತೆ ಬಿತ್ತು, ಗೆಳೆಯರು ಅಟ್ಟ ಹತ್ತಿದರು. ಎರಡು ಹಾಡು ಆದಮೇಲೆ ಕಂಡಕ್ಟರ್ ಮೈಕಿನಲ್ಲೇ ಹೇಳಿದ, ತಳ ಇಲ್ಲದೆ ಹಾಡುವುದು ನನಗೆ ಆಗುತ್ತಿಲ್ಲ, ಮದುಮಗ ಬರಬೇಕು ಎಂದು. ಹೆಣ್ಣಿನ ಕಡೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಬಾಸಿಂಗ ಕಟ್ಟಿದವನು ಎದ್ದು ಬಾಜಾ ಬಾರಿಸುವುದನ್ನು ಅವರು ಎಲ್ಲೂ ಕಂಡಿರಲಿಲ್ಲ. ನಾನು ಪಕ್ಕದಲ್ಲಿದ್ದವಳನ್ನು ನೋಡಿದೆ. ತಲೆ ಬಗ್ಗಿಸಿಕೊಂಡೇ, ನನಗೆ ಮಾತ್ರ ಕೇಳುವ ಹಾಗೆ, ಹರಪನಹಳ್ಳಿಯ ಮಾತಿನಲ್ಲಿ ಕೇಳಿದಳು:

"ಎಷ್ಟೊತ್ತಾಗುತ್ತೆ?"

ಎರಡೇ ಹಾಡು ಎಂದೆ. ಹಾಗಾದರೆ ಹೋಗಿ ಬನ್ನಿ, ಪಂಕ್ತಿ ಕೂರುವ ಮೊದಲು ಬನ್ನಿ ಎಂದಳು. ಬಾಸಿಂಗ ಬಿಚ್ಚಲು ಯಾರೂ ಬಿಡಲಿಲ್ಲ. ಅದನ್ನು ಕಟ್ಟಿಕೊಂಡೇ ಅಟ್ಟ ಹತ್ತಿದೆ. ಮಾಸ್ತರರು ಶ್ರುತಿ ಮಾಡಿಟ್ಟಿದ್ದ ಗಿಟಾರನ್ನು ಕೊರಳಿಗೆ ಹಾಕಿದರು. ಎರಡು ಹಾಡು ಮೂರಾದವು. ಕೆಳಗಿಳಿದು ಬಂದಾಗ ಪಂಕ್ತಿಯಲ್ಲಿ ನನ್ನ ಎಲೆಗೆ ಆಗಲೇ ಬಡಿಸಿದ್ದರು. ಅನ್ನ ಆರಿರಲಿಲ್ಲ. ಕೂತು ಉಂಡೆ.